ಸ್ಪರ್ಶಮಾಪಕ ಮತ್ತು ಇನ್ನೂರು ಚದರಡಿ

ಸ್ಪರ್ಶಮಾಪಕದ ಉದ್ದ ತೋಳು ತಗಡಿನ ಡಬ್ಬಿಯೊಂದನ್ನು ಎತ್ತಿ ಹಿಡಿದು, ಅದರ ಮೈಮೇಲೆಲ್ಲ ನೀಲಿ ಬೆಳಕು ಹಾಯಿಸಿ, ಮೆಲ್ಲಗೆ ಕೆಳಗಿಟ್ಟಿತು.

“ಹನ್ನೊಂದು ವರ್ಷ ನಾಲ್ಕು ತಿಂಗಳು,” ಎಂದಿತು ಯಂತ್ರ.

ಆಮೇಲೆ ಕಡ್ಡಿ ಮುರಿದ ಛತ್ರಿ. “ಒಂಬತ್ತು ವರ್ಷ.” ಆಮೇಲೆ ಚಕ್ರವಿಲ್ಲದ ಮಕ್ಕಳ ಸೈಕಲ್ಲು. “ಇಪ್ಪತ್ತಾರು ವರ್ಷ.”

ಬಾಗಿಲಲ್ಲಿ ನಿಂತಿದ್ದ ನಾಗವೇಣಿ ಸೆರಗನ್ನು ಇನ್ನಷ್ಟು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಎಲ್ಲಾ ಹೊರಗ ಹಾಕ್ರಿ ಮೇಡಂ. ಹತ್ತು ದಿನದಾಗ ಇಲ್ಲಿ ಮಂಚ ಹಾಕಬೇಕು.”

ಹುಬ್ಬಳ್ಳಿಯಲ್ಲಿ ಸ್ವಂತ ಕಾರು ಇಟ್ಟುಕೊಳ್ಳುವ ರೂಢಿ ತಪ್ಪಿ ಆಗಲೇ ಹದಿನೈದು ವರ್ಷವಾಗಿತ್ತು. ಕರೆದ ಕೂಡಲೇ ಚಾಲಕನಿಲ್ಲದ ಬಾಡಿಗೆ ಗಾಡಿ ಮನೆಮುಂದೆ ಬಂದು ನಿಲ್ಲುತ್ತಿದ್ದ ಕಾಲ ಅದು. ಕಾರುಗಳು ಹೋದವು, ಶೆಡ್ಡುಗಳು ಉಳಿದವು. ಮನೆಯೊಳಗೆ ಬೇಡವಾದದ್ದೆಲ್ಲ ಅಲ್ಲಿಗೆ ಬಂದು ಬಿತ್ತು. ಕೇಶ್ವಾಪುರದ ನಾಗವೇಣಿಯ ಶೆಡ್ಡು ಹತ್ತಡಿ ಅಗಲ, ಇಪ್ಪತ್ತಡಿ ಉದ್ದ. ಬಾಗಿಲಿನಿಂದ ಮೂಲೆಯ ಮೇಜಿನವರೆಗೆ ಒಬ್ಬರು ಅಡ್ಡಡ್ಡವಾಗಿ ನುಸುಳುವಷ್ಟು ದಾರಿ ಬಿಟ್ಟರೆ ಕಾಲಿಡಲು ಜಾಗವಿರಲಿಲ್ಲ.

ಗಂಡ ಫಕೀರೇಶ ಮೋಟಾರು ರಿವೈಂಡಿಂಗ್ ಕಸುಬಿನವನು. ಸುಟ್ಟುಹೋದ ಪಂಪಿನ ಹಳೆಯ ತಂತಿ ಬಿಚ್ಚಿ, ಹೊಸ ತಾಮ್ರದ ತಂತಿಯನ್ನು ಸುತ್ತುಸುತ್ತಾಗಿ ಕೂರಿಸುವ ಕೆಲಸವನ್ನು ನಲವತ್ತು ವರ್ಷ ಮಾಡಿದ್ದ. ಹಿಂದಿನ ವರ್ಷ ಪಾರ್ಶ್ವವಾಯು ಬಡಿದು ಬಲಗೈ ನಿಂತುಹೋಯಿತು, ಬಲಗಾಲು ಎಳೆಯತೊಡಗಿತು. ಮಲಗುವ ಕೋಣೆ ಮಹಡಿಯ ಮೇಲೆ. ಎರಡು ತಿಂಗಳಲ್ಲಿ ಎರಡು ಸಲ ಮೆಟ್ಟಿಲ ಮೇಲೆ ಬಿದ್ದ. ನೀರು ಕುಡಿಯಲು ಇಳಿಯುತ್ತಿದ್ದೆ ಎಂದ. ಇನ್ನು ಮೆಟ್ಟಿಲು ಹತ್ತಿಳಿಯುವುದು ಬೇಡವೇ ಬೇಡ, ಗಾಲಿಕುರ್ಚಿಯಲ್ಲೇ ಓಡಾಡಲಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಕೆಳಗೆ ಇದ್ದದ್ದು ಅಡುಗೆಮನೆ, ಪುಟ್ಟ ಪಡಸಾಲೆ, ಮತ್ತು ಈ ಶೆಡ್ಡು. ನಾಗವೇಣಿ ಅಂದೇ ನಿರ್ಧಾರ ಮಾಡಿದಳು. ಶಾಲೆಯೊಂದರ ಬಿಸಿಯೂಟದ ಅಡುಗೆಮನೆಯನ್ನು ಇಪ್ಪತ್ತೆರಡು ವರ್ಷಗಳಿಂದ ನಡೆಸುತ್ತಿದ್ದವಳು ಅವಳು. ಒಮ್ಮೆ ಮಾಡುತ್ತೇನೆಂದರೆ ಮಾಡಿಯೇ ತೀರುವ ಜಾತಿ.

ಯಂತ್ರ ಡಾ. ಚಾರ್ವಿ ಕಟಗೇರಿಯದು. ಧಾರವಾಡದ ಪ್ರಯೋಗಾಲಯವೊಂದರ ಈ ರಸಾಯನ ವಿಜ್ಞಾನಿ ತನ್ನ ಆವಿಷ್ಕಾರವನ್ನು ಪರೀಕ್ಷಿಸಲು ನಿಜವಾಗಿಯೂ ಕಿಕ್ಕಿರಿದ ಶೆಡ್ಡೊಂದನ್ನು ಹುಡುಕುತ್ತಿದ್ದಳು. ನಾಗವೇಣಿಯ ಶೆಡ್ಡಿನ ಬಾಗಿಲು ತೆರೆದಾಗ ಅವಳ ಮುಖ ಅರಳಿದ್ದನ್ನು ನೋಡಿ ನಾಗವೇಣಿಗೆ ನಾಚಿಕೆಯೇ ಆಗಿತ್ತು.

“ಯಾವಾಗ ಮುಟ್ಟಿದ್ವಿ ಅನ್ನೋದು ಇದಕ್ಕ ಹೆಂಗ ತಿಳೀತೈತ್ರಿ?” ಎಂದು ಮೊದಲ ದಿನವೇ ಕೇಳಿದ್ದಳು.

“ನಮ್ಮ ಚರ್ಮದಾಗ ಒಂದು ನಮೂನಿ ಎಣ್ಣಿ ಇರತೈತ್ರಿ ಅಮ್ಮಾರ,” ಎಂದು ಚಾರ್ವಿ ವಿವರಿಸಿದಳು. “ಏನ ಮುಟ್ಟಿದ್ರೂ ಅದು ಒಂಚೂರು ಹತ್ತಿಕೊಳ್ಳತೈತಿ. ಗಾಳಿ ತಾಗಿ ಅದು ದಿನಾ ಇಷ್ಟಿಷ್ಟ ಒಡೀತಾ ಹೋಗತೈತಿ. ಎಷ್ಟು ಒಡದೈತಿ ಅಂತ ಬೆಳಕು ಹಾಕಿ ನೋಡಿದ್ರ, ಎಷ್ಟು ದಿನ ಆತು ಅಂತ ತಿಳೀತೈತಿ. ನಲವತ್ತು ವರ್ಷದ ತನಕ ಹೇಳಬಹುದು. ಒಬ್ಬೊಬ್ಬರ ಎಣ್ಣಿ ಒಂದೊಂದು ನಮೂನಿ. ಹಂಗಾಗಿ ಯಾರ ಕೈ ಅನ್ನೋದೂ ಗೊತ್ತಾಗತೈತಿ.”

ಅದಕ್ಕೆಂದೇ ಗಂಡ ಹೆಂಡತಿ ಇಬ್ಬರ ಅಂಗೈ ಗುರುತನ್ನೂ ಅವಳು ಪಡೆದಿದ್ದಳು. ವಸ್ತುಗಳ ಲೆಕ್ಕ ಮುಗಿದ ಮೇಲೆ ಯಂತ್ರವೇ ಜಾಗದ ನಕ್ಷೆ ಹಾಕುತ್ತಿತ್ತು. ವಾರಕ್ಕೊಮ್ಮೆ ಮುಟ್ಟುವುದು ಸೊಂಟದಿಂದ ಹೆಗಲಿನ ಎತ್ತರದೊಳಗೆ. ವರ್ಷಕ್ಕೊಮ್ಮೆ ಬೇಕಾಗುವುದು ಅಟ್ಟದ ಮೇಲೆ. ಹತ್ತು ವರ್ಷ ಯಾರೂ ಮುಟ್ಟದ್ದು, ಮನೆಯವರು ಒಪ್ಪಿದರೆ, ಹೊರಗೆ.

ಮೂರನೆಯ ದಿನ ಯಂತ್ರ ಮೂಲೆಯ ಮೇಜಿಗೆ ಬಂತು. ಅದು ಫಕೀರೇಶನ ಕೆಲಸದ ಮೇಜು. ತಂತಿ ಸುತ್ತುವ ಕೈಯಂತ್ರ, ಇಕ್ಕಳ, ಬಿದಿರಿನ ಪಟ್ಟಿಗಳು ಎಲ್ಲವೂ ಅಲ್ಲಿದ್ದವು. ಇವನ್ನು ಒಯ್ಯಲು ಮರುದಿನ ಬೆಳಿಗ್ಗೆ ಗುಜರಿ ಗಾಡಿ ಬರಲಿಕ್ಕಿತ್ತು. ಇನ್ನು ಅವನು ಆ ಕೆಲಸ ಮಾಡುವುದಿಲ್ಲವೆಂದು ನಾಗವೇಣಿ ತಾನೇ ಹೇಳಿಬಿಟ್ಟಿದ್ದಳು. ಅವನು ಹ್ಞೂಂ ಎಂದಿರಲಿಲ್ಲ, ಉಹ್ಞೂಂ ಎಂದೂ ಇರಲಿಲ್ಲ.

ತೋಳು ಇಕ್ಕಳವನ್ನು ಎತ್ತಿತು. “ಆರು ದಿನ.”

ನಾಗವೇಣಿ ಬೆಚ್ಚಿದಳು. “ತಪ್ಪು ಹೇಳತೈತಲ್ರಿ!”

ಚಾರ್ವಿ ಇನ್ನೊಮ್ಮೆ ಅಳೆಸಿದಳು. ಆರು ದಿನವೇ. ಕೈಯಂತ್ರದ ಹಿಡಿಕೆ, ಆರು ದಿನ. ಕುರ್ಚಿಯ ಬೆನ್ನು, ಆರು ದಿನ. ಅದರ ಕೆಳಗಿನ ಪದರಗಳಲ್ಲಿ ಹತ್ತು ದಿನ, ಹದಿಮೂರು ದಿನ, ಹೀಗೆ ಐದು ತಿಂಗಳ ಹಿಂದಿನವರೆಗೂ ಸ್ಪರ್ಶಗಳಿದ್ದವು. ಚಾರ್ವಿ ಪರದೆಯನ್ನು ನಾಗವೇಣಿಯತ್ತ ತಿರುಗಿಸಿದಳು. ಹಿಡಿಕೆಯ ಮೇಲೆ ಬೆರಳುಗಳು ಹೊಳೆಯುತ್ತಿದ್ದವು. ಹೆಬ್ಬೆರಳಿನ ಗುರುತು ಬಿದ್ದಿದ್ದು ಯಾವಾಗಲೂ ಬೀಳುವ ಕಡೆಯಲ್ಲ, ಎದುರು ಕಡೆ.

“ನಿಮ್ಮ ಯಜಮಾನ್ರದ ಕೈ ಅಮ್ಮಾರ. ಎಡಗೈ.”

ನಾಗವೇಣಿ ದಿನಾ ಎಂಟಕ್ಕೆ ಶಾಲೆಗೆ ಹೋಗಿ ಎರಡಕ್ಕೆ ಮರಳುತ್ತಿದ್ದಳು. ಆ ಹೊತ್ತಿನಲ್ಲಿ ಅವನು ಮೆಟ್ಟಿಲಿಳಿದು ಇಲ್ಲಿಗೆ ಬರುತ್ತಿದ್ದ. ಬಿದ್ದದ್ದು ನೀರಿಗಾಗಿ ಇಳಿಯುವಾಗಲ್ಲ.

ಅವಳು ಮಹಡಿ ಹತ್ತಿದಳು. ಫಕೀರೇಶ ಕಿಟಕಿಯ ಪಕ್ಕ ಕೂತಿದ್ದ.

“ಕೆಳಗ ಯಾಕ ಹೋಗ್ತಿದ್ರಿ?”

ಅವನು ಸಿಟ್ಟಿನಿಂದಲೇ ಹೇಳಿದ, “ನನ್ನ ಕೈ ಎಲ್ಲೆಲ್ಲಿ ಹೋಗತೈತಿ ಅಂತ ಹೇಳಾಕ ನಿನಗೊಂದು ಯಂತ್ರ ಬೇಕಾತೇನು?”

“ನೀವ ಹೇಳಿದ್ರ ಬೇಕಾಗತಿದ್ದಿಲ್ಲ.”

“ಹೇಳಿದ್ರ ಬಿಡತಿದ್ದೇನು? ಬೀಗ ಹಾಕತಿದ್ದಿ.”

ಹಾಕುತ್ತಿದ್ದೆ, ಖಂಡಿತ ಹಾಕುತ್ತಿದ್ದೆ ಎಂದು ನಾಗವೇಣಿಗೆ ಅನಿಸಿತು. ಅವಳು ಮಂಚದ ಅಂಚಿನಲ್ಲಿ ಕೂತಳು. ಅವನು ಗಾದಿಯ ಕೆಳಗೆ ಕೈಹಾಕಿ ತಾಮ್ರದ ಸುರುಳಿಯೊಂದನ್ನು ತೆಗೆದು ಅವಳ ಮಡಿಲಿಗಿಟ್ಟ. ಸುತ್ತುಗಳು ಒಂದರ ಮೇಲೊಂದು ಹತ್ತಿ ಸೊಟ್ಟಗಾಗಿದ್ದವು. ಮೂವತ್ತೈದು ವರ್ಷ ಅವನ ಕೆಲಸ ನೋಡಿದ ಕಣ್ಣು ಅವಳದು.

“ಇದು ಒಂದ ನಿಮಿಷಕ್ಕ ಸುಡತೈತಿ,” ಎಂದಳು.

“ಗೊತ್ತೈತಿ. ಮೊದಲನೇದು ಇದಕ್ಕಿಂತ ಕೆಟ್ಟ ಇತ್ತು.”

ಅವನ ಮುಖವನ್ನು ನೋಡಿದಳು. ಒಂದು ವರ್ಷದಿಂದ ಅವನಿಗೆ ಉಣಿಸಿ, ಉಡಿಸಿ, ಎತ್ತಿ ಕೂರಿಸಿದ್ದಳು; ಆದರೆ ಈ ಹಟ ಅವನೊಳಗೆ ಉಳಿದಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಸುರುಳಿಯನ್ನು ಹಿಡಿದುಕೊಂಡೇ ಕೆಳಗಿಳಿದಳು.

“ಮೇಡಂ, ಗುಜರಿ ಗಾಡಿ ನಾಳೆ ಬ್ಯಾಡ ಅಂತ ಹೇಳತೀನಿ. ಇಲ್ಲಿ ಮಂಚಾನೂ ಬೇಕು, ಈ ಟೇಬಲ್ಲೂ ಬೇಕು.”

ಚಾರ್ವಿ ಯಂತ್ರಕ್ಕೆ ಹೊಸ ಲೆಕ್ಕ ಕೊಟ್ಟಳು. ಉತ್ತರ ಬೇಗ ಬಂತು. ಗಾಲಿಕುರ್ಚಿ ತಿರುಗಲು ಐದಡಿ ಬೇಕು. ಮಂಚ, ಮೇಜು, ಉಳಿದ ಸಾಮಾನು ಎಲ್ಲ ಸೇರಿದರೆ ಸ್ಥಳ ಸಾಲದು.

“ಉಳದ ಸಾಮಾನು ಅಂದ್ರ ಯಾವುವು?” ನಾಗವೇಣಿ ಕೇಳಿದಳು. “ಅವರದ ಇರಬೇಕು. ಇಪ್ಪತ್ತು ವರ್ಷದಿಂದ ಬಡಕೊಳ್ಳಾಕತ್ತೀನಿ, ನಿಮ್ಮ ಹಳೇ ಕಬ್ಬಿಣ ತಗೀರಿ, ತಗೀರಿ ಅಂತ.”

ಚಾರ್ವಿ ಸ್ವಲ್ಪ ಸಂಕೋಚದಿಂದ ಪಟ್ಟಿ ತೋರಿಸಿದಳು. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಯಾರೂ ಮುಟ್ಟದ ವಸ್ತುಗಳು ಮುನ್ನೂರ ಹದಿನೆಂಟು. ಅವುಗಳಲ್ಲಿ ಫಕೀರೇಶ ಕೊನೆಯದಾಗಿ ಮುಟ್ಟಿದ್ದು ಅರವತ್ತಮೂರು. ಉಳಿದವೆಲ್ಲ ನಾಗವೇಣಿ ಇಟ್ಟವು. ಮಗಳ ಮದುವೆಗೆಂದು ಕೊಂಡು ಮಿಕ್ಕ ಸ್ಟೀಲು ತಾಟುಗಳು, ನಾಲ್ಕು ಮಿಕ್ಸರುಗಳು, ಮೇಲೆ ಬಟ್ಟೆ ಒಣಗಿಸಿಯೇ ಹಳತಾದ ಟ್ರೆಡ್‌ಮಿಲ್ಲು, ಸಾಮಾನು ಬಂದ ಖಾಲಿ ಪೆಟ್ಟಿಗೆಗಳನ್ನೇ ತುಂಬಿಟ್ಟ ಪೆಟ್ಟಿಗೆಗಳು.

ನಾಗವೇಣಿ ಪಟ್ಟಿಯನ್ನು ಎರಡು ಸಲ ಓದಿದಳು. ನಗು ಬಂತು, ಮೈ ಉರಿದಂತೆಯೂ ಆಯಿತು. “ಸುಳ್ಳಂತೂ ಹೇಳಾಂಗಿಲ್ಲ ನಿಮ್ಮ ಯಂತ್ರ,” ಎಂದವಳೇ ಮೊದಲ ತಾಟಿನ ಗಂಟನ್ನು ಎಳೆದಳು.

ಮುಂದಿನ ಒಂದು ವಾರ ಅವಳು ಶಾಲೆಗೆ ರಜೆ ಹಾಕಿದಳು. ತಾಟುಗಳು ಶಾಲೆಯ ಅಡುಗೆಮನೆಗೆ ಹೋದವು, ಮಿಕ್ಸರುಗಳಲ್ಲಿ ಮೂರು ಓಣಿಯವರ ಪಾಲಾದವು, ಟ್ರೆಡ್‌ಮಿಲ್ಲು ಗುಜರಿ ಗಾಡಿ ಹತ್ತಿತು. ಮಂಚವನ್ನು ಗೋಡೆಗೆ ಮಡಚಿ ಏರಿಸುವಂತೆ ಬಡಿಗೇರನಿಂದ ಮಾಡಿಸಿದಳು. ಹಗಲು ಅದರ ಕೆಳಗಿನ ಜಾಗ ಗಾಲಿಕುರ್ಚಿಗೆ. ಮೇಜಿನ ಕಾಲುಗಳನ್ನು ಗಾಲಿಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಎತ್ತರಕ್ಕೆ ಕುಯ್ಯಿಸಿದಳು. ಕಬ್ಬಿಣದ ಕಪಾಟುಗಳು ಗೋಡೆಯುದ್ದಕ್ಕೂ ಸೂರಿನವರೆಗೆ ಎದ್ದವು. ಯಂತ್ರ ಸಾಮಾನುಗಳನ್ನು ಎಂದಿನಂತೆ ಬಲಗಡೆ ಜೋಡಿಸಿ ನಕ್ಷೆ ಕೊಟ್ಟಾಗ ಅವಳು ಬೇಡವೆಂದು ತಲೆಯಾಡಿಸಿದಳು. “ಎಲ್ಲಾ ಎಡಕ್ಕ ಹೋಗಲಿ.” ಅಂಥದ್ದೊಂದು ಆಯ್ಕೆಯೇ ಯಂತ್ರದಲ್ಲಿರಲಿಲ್ಲ. ಚಾರ್ವಿ ಅಲ್ಲೇ ನೆಲದ ಮೇಲೆ ಕೂತು ಅದನ್ನು ಬರೆದು ಸೇರಿಸಿದಳು.

ಹತ್ತನೆಯ ದಿನ ಮಧ್ಯಾಹ್ನ ಫಕೀರೇಶನನ್ನು ನಾಲ್ಕು ಜನ ಕುರ್ಚಿಸಮೇತ ಕೆಳಗಿಳಿಸಿದರು. ಅವನು ಕೈಚಾಚಿ ಇಕ್ಕಳ ಮುಟ್ಟಿದ, ತಂತಿಯ ರೀಲು ಮುಟ್ಟಿದ. ಎಲ್ಲವೂ ಎಡಗೈಗೆ ಎಟುಕಿದವು. ಆದರೂ ಚಾರ್ವಿಯನ್ನು ಕರೆದು ಹೇಳಿದ, “ಯಂತ್ರ ಚಲೋ ಐತಿ ತಂಗಿ. ಆದ್ರ ಯಾರ ಕೈ ಅನ್ನೋದನ್ನ ಮೊದಲು ಆ ಕೈಯವರಿಗೆ ಹೇಳಬೇಕು. ಆಮ್ಯಾಲ ಉಳದವರಿಗೆ.” ಚಾರ್ವಿ ಅದನ್ನೂ ಬರೆದುಕೊಂಡಳು. ಮುಂದೆ ಮಾರುಕಟ್ಟೆಗೆ ಬಂದ ಪ್ರತಿಯೊಂದು ಸ್ಪರ್ಶಮಾಪಕವೂ ಹಾಗೆಯೇ ನಡೆದುಕೊಂಡಿತು.

ಫಕೀರೇಶ ಮೊದಲಿನಂತೆ ಆಗಲಿಲ್ಲ. ಹಿಂದೆ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಿದ್ದ ಪಂಪಿಗೆ ಈಗ ಒಂಬತ್ತು ದಿನ ಹಿಡಿಯಿತು. ತಂತಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದ. ಎರಡು ಸಲ ಎಲ್ಲ ಬಿಚ್ಚಿ ಮೊದಲಿನಿಂದ ಸುತ್ತಿದ. ಸ್ವಿಚ್ಚು ಒತ್ತಿದಾಗ ಮೋಟಾರು ಗುಂಯ್‌ಗುಟ್ಟಿ ತಿರುಗಿತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನಾಗವೇಣಿ ಕೈ ನಿಲ್ಲಿಸಿ ಅದು ಸುಟ್ಟುಹೋಗುವುದನ್ನು ಕಾದಳು. ಕಾಲು ಗಂಟೆಯಾದರೂ ಅದು ತಿರುಗುತ್ತಲೇ ಇತ್ತು.

ಚಾರ್ವಿಯ ಯಂತ್ರ ಊರೆಲ್ಲ ಹಬ್ಬಿತು. ಅದು ಬರುವ ಮೊದಲು ಮನೆಯವರೊಡನೆ ಮಾತಾಡಲು ಒಬ್ಬರು ಬೇಕೆಂದು ಅವಳಿಗೆ ಮನದಟ್ಟಾಗಿತ್ತು. ಆ ಕೆಲಸಕ್ಕೆ ನಾಗವೇಣಿಯನ್ನೇ ಕೇಳಿಕೊಂಡಳು. ಎರಡು ವರ್ಷದಲ್ಲಿ ನಾಗವೇಣಿ ನಾನೂರು ಶೆಡ್ಡುಗಳನ್ನು ಕಂಡಳು. ಎಲ್ಲೆಡೆಯೂ ಒಂದು ಸಂಗತಿ ಕಣ್ಣಿಗೆ ಬೀಳುತ್ತಿತ್ತು. ಅತಿ ಆಳದಲ್ಲಿ, ಗೋಡೆಗೆ ಒತ್ತಿಕೊಂಡಂತೆ, ಎರಡು ಸಾವಿರದ ಇಪ್ಪತ್ತರ ದಶಕದಲ್ಲಿ ಕೊಂಡ ಪೆಟ್ಟಿಗೆಗಳಿರುತ್ತಿದ್ದವು. ಹೊರಗಿನ ಟೇಪು ಬಿಚ್ಚಿರುತ್ತಿತ್ತು, ಒಳಗಿನ ವಸ್ತುವಿನ ಮೇಲೆ ಮಾತ್ರ ಕೊಂಡವರ ಕೈಗುರುತೇ ಇರುತ್ತಿರಲಿಲ್ಲ. ಇದ್ದದ್ದು ಒಂದೇ ಸ್ಪರ್ಶ. ಎಲ್ಲಿಯೋ ದೂರದ ಕಾರ್ಖಾನೆಯಲ್ಲಿ ಅದನ್ನು ಪೆಟ್ಟಿಗೆಗೆ ಇಳಿಸಿದ, ಹೆಸರು ಗೊತ್ತಿಲ್ಲದ ಯಾರದೋ ಕೈಯದು.

ಗದಗ ರಸ್ತೆಯ ರುಬೀನಾ ಮುಲ್ಲಾ ಅವರ ಶೆಡ್ಡಿನಲ್ಲಿ ಅಂಥದ್ದೇ ಪೆಟ್ಟಿಗೆಯಿಂದ ಬಟ್ಟೆ ಹೊಲಿಯುವ ಯಂತ್ರವೊಂದು ಹೊರಬಂತು. “ಮೂವತ್ತಾರು ವರ್ಷ,” ಎಂದಿತು ಸ್ಪರ್ಶಮಾಪಕ. “ಮನೆಯವರ ಸ್ಪರ್ಶವಿಲ್ಲ.”

ಎಪ್ಪತ್ತೆರಡು ವರ್ಷದ ರುಬೀನಾ ಅದನ್ನೇ ನೋಡುತ್ತ ನಿಂತರು. “ಕಲೀಬೇಕಂತ ತರಸಿದ್ದೆ. ಆಗ ಫೋನಿನಾಗ ಹಿಂಗ ಒತ್ತಿದ್ರ ಮರುದಿನ ಬಾಗಿಲಿಗೆ ಬಂದಬಿಡತಿತ್ತಲ್ರಿ. ಇದನ್ನ ತರಸಿದ ವಾರಕ್ಕ ಇನ್ನೇನೋ ತರಸಿದೆ.”

“ಹೊರಗ ಹಾಕೂಣೇನ್ರಿ ಅಕ್ಕಾರ?”

ರುಬೀನಾ ಮುಂದೆ ಬಂದು, ಹೊಲಿಗೆ ಯಂತ್ರದ ಬಿಳಿಯ ಚಕ್ರದ ಮೇಲೆ ಬೆರಳಿಟ್ಟು, ಅದನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ನೀಲಿ ಬೆಳಕು ಮತ್ತೊಮ್ಮೆ ಹಾಯಿತು; ಪರದೆಯ ಮೇಲಿದ್ದ ಮೂವತ್ತಾರರ ಅಂಕೆ ಅಳಿಸಿ, ಅಲ್ಲಿ ಸೊನ್ನೆ ಮೂಡಿತು.