ಬಿಳಿಚಿದ ಕಣಗಿಲೆ

ಮೊದಲು ಕಂಡದ್ದು ಹೂವು. ಹೆಣ ಆಮೇಲೆ.

೧೯೯೨ರ ಫೆಬ್ರವರಿ. ಅಥಣಿ ಬಳಿಯ ಸತ್ತಿ ಊರಿನ ಹೊಳೆದಂಡೆಯ ತಗ್ಗಿನಲ್ಲಿ ಮಂಜು ಬೇಲಿಯೆತ್ತರ ನಿಂತಿತ್ತು. ಶನಿವಾರ ಮುಂಜಾನೆ ರಾವಸಾಹೇಬರ ದ್ರಾಕ್ಷಿ ತೋಟಕ್ಕೆ ಕೂಲಿಗೆ ಬಂದ ತುಳಸವ್ವನಿಗೆ ಒಂದು ಹಕ್ಕಿಯ ದನಿಯೂ ಕೇಳಲಿಲ್ಲ. ಬೇಲಿಗುಂಟ ನಿನ್ನೆ ಕೆಂಪಗಿದ್ದ ಕಣಗಿಲೆ ಹೂಗಳು ಒಂದೂ ಬಿಡದೆ ಬೆಳ್ಳಗಾಗಿದ್ದವು. ಬುಡದಲ್ಲಿ ಗುಬ್ಬಿಗಳು ಸತ್ತು ಬಿದ್ದಿದ್ದವು. ಗುಡಿಸಲಿನ ಹೊಸ್ತಿಲ ಮೇಲೆ ಕಾವಲುಗಾರ ಭರಮು ಬೋರಲಾಗಿ ಬಿದ್ದಿದ್ದ.

* * *

ಅಥಣಿಯಿಂದ ಪೊಲೀಸ್ ಫೌಜದಾರ ದುರಗಪ್ಪ ಬರುವಷ್ಟರಲ್ಲಿ ಜನ ತೀರ್ಪು ಕೊಟ್ಟಾಗಿತ್ತು. ಭರಮುವಿನ ಹೆಂಡತಿ ಸುಂದರಾ ಕಣಗಿಲೆ ಬೇರು ಅರೆದು ಪಲ್ಯಕ್ಕೆ ಹಾಕಿದ್ದಾಳೆ. ಇಲ್ಲವಾದರೆ ಸಂಜೆ ಅಡುಗೆ ಮಾಡಿಟ್ಟು, ಮಗಳನ್ನೆತ್ತಿಕೊಂಡು ಅಥಣಿಗೆ ಏಕೆ ಓಡಿದಳು? ಎಲ್ಲರಿಗಿಂತ ಜೋರಾಗಿ ಇದನ್ನು ಹೇಳಿದವನು ದಿಬ್ಬದ ಮೇಲಿನ ಅಣ್ಣಾಸಾಬ. ಒಣದ್ರಾಕ್ಷಿ ಮಾಡುವ ಶೆಡ್ಡು ಅವನದು.

ಸುಂದರಾ ಮರಳಿ ಬಂದು ಗಂಡನ ಪಕ್ಕ ಕುಳಿತಿದ್ದಳು. ಹೆಗಲ ಮೇಲಿನ ಕೂಸು ಕೆಮ್ಮಿದಾಗಲೆಲ್ಲ ಅಳುವುದನ್ನು ನಿಲ್ಲಿಸಿ ಅದರ ಬೆನ್ನು ಸವರುತ್ತಿದ್ದಳು. ಮಗುವಿಗೆ ಉಸಿರು ಸಿಗದೆ ಆಸ್ಪತ್ರೆಗೆ ಒಯ್ದಿದ್ದೆ ಎಂದಳು. ದ್ರಾಕ್ಷಿಗೆ ಬಣ್ಣ ಬರಲೆಂದು ಶೆಡ್ಡಿನಲ್ಲಿ ಗಂಧಕ ಸುಟ್ಟಾಗಲೆಲ್ಲ ಹೀಗೇ. ಮಧ್ಯಾಹ್ನ ಗಾಳಿ ಬೀಸತೊಡಗಿದ ಮೇಲೆ ಶೆಡ್ಡಿನ ಬಾಗಿಲು ತೆಗೆಯಿರಿ ಎಂದು ಭರಮು ಅಣ್ಣಾಸಾಬನನ್ನು ಬೇಡಿಕೊಂಡಿದ್ದ. ಕೇಳದಿದ್ದಾಗ ಕಚೇರಿಗೆ ದೂರು ಕೊಡುತ್ತೇನೆ ಎಂದಿದ್ದ.

"ಸಾಹೇಬ್ರ, ನನ್ನ ಒಯ್ಯೂದಿದ್ರ ಒಯ್ರಿ. ಈ ಕೂಸಿನ್ನ ಯಾರ ಕೈಯಾಗ ಕೊಡ್ಲಿ, ಅಷ್ಟು ಹೇಳ್ರಿ."

ದುರಗಪ್ಪ ಹೊಸ್ತಿಲ ಬಳಿ ಬಗ್ಗಿದ. ಗುಡಿಸಲೊಳಗೆ ಇಣುಕಿದ. ತುಳಸವ್ವನ ಹಿಂದೆ ಬಂದ ನಾಯಿ ಭರಮುವಿನ ತಾಟಿನಲ್ಲಿ ಉಳಿದ ಪಲ್ಯವನ್ನೆಲ್ಲ ಮುಂಜಾನೆಯೇ ತಿಂದು ಮುಗಿಸಿ, ಇನ್ನೂ ಸಿಕ್ಕೀತೇ ಎಂದು ಬಾಲ ಅಲ್ಲಾಡಿಸುತ್ತಿತ್ತು. ಪಲ್ಯದಲ್ಲಿ ವಿಷವಿಲ್ಲ. ಗುಬ್ಬಿಗಳಂತೂ ಪಲ್ಯ ಉಂಡಿರಲಿಲ್ಲ.

* * *

ದುರಗಪ್ಪ ದಿಬ್ಬ ಹತ್ತಿದ. ಜನ ಹಿಂದೆ ಬಂದರು, ಕೂಸನ್ನೆತ್ತಿಕೊಂಡು ಸುಂದರಾಳೂ ಬಂದಳು. ಗಂಟಲು ಕೆರೆಯುವ ವಾಸನೆ ಇನ್ನೂ ಇತ್ತು. ದಾರಿಯುದ್ದಕ್ಕೂ ಎಲೆಗಳ ಮೇಲೆ ಬಿಳಿ ಮಚ್ಚೆ. ರಾವಸಾಹೇಬರ ಪಂಪ್‌ಮನೆಯ ಬಾಗಿಲಿಗೆ ಶುಕ್ರವಾರ ಹಾಕಿದ ಕಣಗಿಲೆ ಹಾರವೂ ಬೆಳ್ಳಗೆ. ಕೆಂಪೆಂಬುದೇ ಅಲ್ಲಿಂದ ಎದ್ದು ಹೋದಂತಿತ್ತು.

ಅಣ್ಣಾಸಾಬನ ಶೆಡ್ಡಿನ ಬಾಗಿಲಲ್ಲಿ ಮಾತ್ರ ಹಾರ ಕೆಂಪಗಿತ್ತು.

"ಗಂಧಕ ಯಾವಾಗ ಸುಟ್ರಿ?" ದುರಗಪ್ಪ ಅಣ್ಣಾಸಾಬನನ್ನು ಕೇಳಿದ.

"ಈ ವಾರ ಸುಟ್ಟಿಲ್ರಿ. ಶೆಡ್ ಬಂದ್ ಐತಿ."

"ಹಾರ ಚಂದ ಐತಿ. ಯಾವಾಗ ಹಾಕಿದ್ರಿ?"

"ನಿನ್ನೆರಿ. ಶುಕ್ರವಾರದ ಪೂಜಾ."

"ರಾವಸಾಹೇಬ್ರದೂ ನಿನ್ನೀದ. ಅದು ಬೆಳ್ಳಗ ಆಗೇತಿ."

ಅಣ್ಣಾಸಾಬ ಟವೆಲಿನಿಂದ ಮುಖ ಒರೆಸಿಕೊಂಡ. "ಮರತಿದ್ನಿರಿ. ಮುಂಜಾನೆ ಬದಲಿ ಮಾಡೇನಿ."

ತುಳಸವ್ವ ಮೆಲ್ಲಗೆ ಕೇಳಿದಳು: "ಹೆಣ ಇನ್ನೂ ಎದ್ದಿಲ್ಲೋ ಅಣ್ಣಾ. ಇಲ್ಲಿ ಒಬ್ಬರ ಮನ್ಯಾಗೂ ದೇವರಿಗೆ ದೀಪ ಹಚ್ಚಿಲ್ಲ. ನೀ ಹೂವ ಏರಿಸಿದ್ಯಾ?"

ಪೊಲೀಸರು ಶೆಡ್ಡಿನ ಹಿಂದಿನ ತಿಪ್ಪೆ ಕೆದರಿದರು. ಹಳೆಯ ಹಾರ ಸಿಕ್ಕಿತು. ಬೆಳ್ಳಗೆ. ಅದರ ಕೆಳಗೆ ಗಂಧಕ ಸುಟ್ಟ ತಗಡಿನ ಬುಟ್ಟಿಗಳು.

ಗಂಧಕದ ಹೊಗೆ ಹೂವಿನ ಬಣ್ಣ ತಿನ್ನುತ್ತದೆ, ಅದು ಈ ಬಾಗಿಲಿನಿಂದ ಹೊರಬಿದ್ದರೆ ಮೊದಲು ಬಿಳಿಚುವುದು ಈ ಬಾಗಿಲ ಹಾರವೇ, ಅದನ್ನು ಮುಚ್ಚಲು ಹೊಸದು ಹಾಕಿದ್ದಾನೆ ಎಂದು ದುರಗಪ್ಪ ಜನರಿಗೆ ಹೇಳಿದ.

"ಹೆದರಸಾಕಷ್ಟ ಮಾಡಿದ್ನಿರಿ," ಎಂದ ಅಣ್ಣಾಸಾಬ. "ಹೊಗಿ ಮ್ಯಾಲ ಹೋಗ್ತೈತಿ ಅಂದ್ಕೊಂಡಿದ್ನಿ."

"ದ್ರಾಕ್ಷಿ ಬೆಳ್ಯಾಂವ ಎದ್ದ ಕೂಡ್ಲೆ ಮಂಜು ನೋಡ್ತಾನ. ಮಂಜು ಬಿದ್ದಾಗ ಹೊಗಿ ಮ್ಯಾಲ ಏರೂದಿಲ್ಲ, ತಣ್ಣನ ಗಾಳಿ ಕೂಡ ತಗ್ಗಿಗೆ ಇಳೀತೈತಿ. ಅದು ನಿನಗ ಗೊತ್ತಿತ್ತು. ಅದಕ್ಕ ನಸುಕಿನ್ಯಾಗ ಬಾಗಿಲಾ ತಗದಿ." ದುರಗಪ್ಪ ಸುಂದರಾಳ ಹೆಗಲ ಮೇಲಿನ ಕೂಸಿನ ಕಡೆ ಕೈ ತೋರಿದ. "ಒಂದು ಹೇಳು. ಕೂಸು ಗುಡಿಸಲದಾಗ ಇಲ್ಲಂತ ನಿನಗ ಯಾವಾಗ ಗೊತ್ತಾತು?"

ಅಣ್ಣಾಸಾಬ ತಲೆ ತಗ್ಗಿಸಿದ.

"ಮುಂಜಾನೆರಿ. ಬಾಗಿಲಾ ತಗದ ಮ್ಯಾಲ."

ಸುಂದರಾ ಸೆರಗನ್ನು ಮಗಳ ಮೂಗು ಬಾಯಿಗೆ ಅಡ್ಡ ಹಿಡಿದಳು. ಮಂಜು ಕರಗಿ ಬಿಸಿಲು ಬಿದ್ದಿತ್ತು. ಆದರೂ ಒಂದು ಹಕ್ಕಿ ಕೂಗಲಿಲ್ಲ.