ಮೂರು ದಿನದ ವಜ್ರ

“ರೂಪಾ, ನಾನು ಬಿದ್ದಿದ್ದು ಯಾರಿಗೂ ಹೇಳ್ಬೇಡ ಕಣೇ!”

ಚಂದನ ಶಾಲೆಯ ನಲ್ಲಿಯ ಕೆಳಗೆ ಕಾಲು ಚಾಚಿ ಕೂತಿದ್ದಳು. ಮಂಡಿಯ ಮೇಲೆ ರೂಪಾಯಿ ನಾಣ್ಯದಗಲ ಚರ್ಮ ಕಿತ್ತುಹೋಗಿತ್ತು. ನೀರು ಬಿದ್ದಷ್ಟೂ ಉರಿ ಹೆಚ್ಚುತ್ತಿತ್ತು.

“ಇಷ್ಟೊಂದು ರಕ್ತ ಬತ್ತಾ ಐತೆ. ಮಿಸ್‌ಗೆ ಹೇಳೋಣ ಬಾ,” ಎಂದಳು ರೂಪ.

“ಬೇಡ! ಮಿಸ್ ಅಮ್ಮಂಗೆ ಫೋನ್ ಮಾಡ್ತಾರೆ. ಅಮ್ಮಂಗೆ ಗೊತ್ತಾದ್ರೆ ಅಜ್ಜಿಗೂ ಗೊತ್ತಾಗತ್ತೆ. ಆಮೇಲೆ ಎಲ್ಲಾ ಮುಗೀತು.”

“ಬೈತಾರಾ?”

“ಬೈಯಲ್ಲ. ನಮ್ಮನೇಲಿ ವಜ್ರ ಐತೆ.”

ರೂಪ ಬಾಯಿ ಬಿಟ್ಟುಕೊಂಡು ನೋಡಿದಳು. ಪಾಪ, ಮಂಡಿಗೂ ವಜ್ರಕ್ಕೂ ಏನು ಸಂಬಂಧ ಎಂದು ಅವಳಿಗೆ ಹೇಗೆ ತಿಳಿಯಬೇಕು? ಅದು ತಿಳಿಯಬೇಕಾದರೆ ಹಿಂದಿನ ದಿನ, ಅಂದರೆ ಭಾನುವಾರ, ಬಂಗಾರಪೇಟೆಯಲ್ಲಿ ನಡೆದದ್ದು ತಿಳಿಯಬೇಕು.

ಚಂದನಳ ಅಮ್ಮ ಶ್ಯಾಮಲಾ ಮದುವೆಯಾದಾಗಿನಿಂದ ಗಾಜಿನ ಕಲ್ಲಿನ ಮೂಗುಬಟ್ಟನ್ನೇ ಹಾಕುತ್ತಿದ್ದಳು. ಹೋದ ತಿಂಗಳು ಒಂದು ಮದುವೆಮನೆಯಲ್ಲಿ ಯಾರೋ, “ಏನ್ ಶ್ಯಾಮಲಾ, ಕಲ್ಲು ಮಂಕಾಗೋಗೈತಲ್ಲ!” ಎಂದುಬಿಟ್ಟರು. ಅಮ್ಮ ನಕ್ಕಳು. ಆದರೆ ಊಟ ಮುಗಿಯುವವರೆಗೂ ಸೆರಗಿನಿಂದ ಮೂಗು ಒರೆಸಿಕೊಳ್ಳುವವಳ ಹಾಗೆ ಅದನ್ನು ಮುಚ್ಚಿಕೊಂಡೇ ಇದ್ದಳು. ಚಂದನ ಅದನ್ನೇ ನೋಡುತ್ತಿದ್ದಳು. ಪಕ್ಕದ ಎಲೆಯಲ್ಲಿ ಕೂತಿದ್ದ ಅಜ್ಜಿ ಮುನಿಶಾಮಮ್ಮ ಕೂಡ ಅದನ್ನು ನೋಡಿದ್ದಳು.

ಹಾಗಾಗಿ ಭಾನುವಾರ ಮೂವರೂ ಅಶ್ವತ್ಥಪ್ಪನವರ ಒಡವೆ ಅಂಗಡಿಗೆ ಹೋದರು. ಅವರು ಅಜ್ಜಿಗೆ ಬಹಳ ಹಳೆಯ ಗುರುತು. ಮಡಿಸಿದ ಬಿಳಿ ಕಾಗದದ ಪೊಟ್ಟಣ ಬಿಚ್ಚಿ, ಸಾಸಿವೆಗಿಂತ ಒಂಚೂರು ದೊಡ್ಡದಾದ ಕಲ್ಲೊಂದನ್ನು ತೋರಿಸಿದರು.

“ಎಷ್ಟು ಕ್ಯಾರೆಟ್ಟು?” ಎಂದು ಕೇಳಿದಳು ಅಜ್ಜಿ.

“ಪಾಯಿಂಟ್ ಒಂದು ಕ್ಯಾರೆಟ್ ಅಕ್ಕ.”

ಅಜ್ಜಿ ಹುಬ್ಬು ಗಂಟಿಕ್ಕಿದಳು. ತಾತ ಮೂವತ್ತು ವರ್ಷ ಚಿನ್ನದ ಗಣಿಯೊಳಗೆ ದುಡಿದವರು. ಚಿನ್ನದ ವಿಷಯದಲ್ಲಿ ಅಜ್ಜಿಗೆ ಯಾರೂ ಬುದ್ಧಿ ಹೇಳುವ ಹಾಗಿರಲಿಲ್ಲ.

“ಏನಂದೆ? ಇಪ್ಪತ್ತೆರಡು ಕ್ಯಾರೆಟ್ ಇಲ್ದಿದ್ರೆ ನಾನು ಮೈಗೇ ಸೋಕಿಸ್ದೋಳಲ್ಲ. ಇದ್ರಾಗೆ ಒಂದೂ ಇಲ್ವಾ? ಎದ್ದೇಳೇ ಶ್ಯಾಮಲಾ, ಓಗೋಣ!”

“ಕೂತ್ಕೋ ಅಕ್ಕ,” ಅಶ್ವತ್ಥಪ್ಪ ನಕ್ಕರು. “ಚಿನ್ನಕ್ಕೆ ಕ್ಯಾರೆಟ್ ಅಂದ್ರೆ ಎಷ್ಟು ಶುದ್ಧ ಅಂತ. ವಜ್ರಕ್ಕೆ ಕ್ಯಾರೆಟ್ ಅಂದ್ರೆ ಎಷ್ಟು ತೂಕ ಅಂತ. ಮಾತು ಒಂದೇ, ಲೆಕ್ಕ ಬೇರೆ. ನೂರು ಸೆಂಟಿಗೆ ಒಂದು ಕ್ಯಾರೆಟ್, ಇದು ಹತ್ತು ಸೆಂಟ್ ಕಲ್ಲು.”

“ಸೆಂಟಾ? ನಾನೇನು ಸೈಟು ತಗೊಳಾಕೆ ಬಂದಿದೀನಾ?”

ಚಂದನ ಕಿಸಕ್ಕನೆ ನಕ್ಕಳು. ಅಜ್ಜಿ ದುರುಗುಟ್ಟಿ ನೋಡಿದ ಮೇಲೆ ಸುಮ್ಮನಾದಳು.

“ಆಯ್ತು, ಮೂರು ದಿನ ಮನೇಲಿ ಇಟ್ಕೊಂತೀನಿ,” ಎಂದಳು ಅಜ್ಜಿ. “ಆಗಿಬಂದ್ರೆ ಮೂಗಿಗೆ. ಇಲ್ದಿದ್ರೆ ವಾಪಸ್.”

ವಜ್ರ ಎಲ್ಲರಿಗೂ ಆಗಿಬರುವುದಿಲ್ಲ ಎಂಬುದು ಅಜ್ಜಿಯ ನಂಬಿಕೆ. ಕಲ್ಲು ಮನೆಯಲ್ಲಿರುವ ಮೂರು ದಿನ ಯಾರೂ ಬೀಳಬಾರದು, ಯಾರಿಗೂ ಜ್ವರ ಬರಬಾರದು, ಕೆಟ್ಟದ್ದು ಏನೂ ನಡೆಯಬಾರದು. ಕಲ್ಲೊಳಗೆ ಕಪ್ಪು ಚುಕ್ಕೆಯಿದ್ದರಂತೂ ಆ ಮನೆಗೆ ಕೇಡು ತಪ್ಪಿದ್ದಲ್ಲವಂತೆ. ತಮ್ಮ ಊರಾದ ಊರಿಗಾಂಗೆ ಮರಳುವಾಗ ರೈಲಿನಲ್ಲಿ ಅಜ್ಜಿ ಇದನ್ನೆಲ್ಲ ಎರಡೆರಡು ಸಲ ಹೇಳಿದ್ದಳು.

ಎರಡನೆಯ ದಿನವೇ ಚಂದನ ಬಿದ್ದಿದ್ದಳು.

ಸೋಮವಾರ ಸಂಜೆ ಮನೆಗೆ ಬಂದವಳೇ ಅವಳು ಉದ್ದ ಲಂಗ ಹಾಕಿಕೊಂಡಳು. ಕುಂಟದ ಹಾಗೆ ನಡೆಯಲು ಹಲ್ಲು ಕಚ್ಚಿದಳು. ಅಮ್ಮ ಹಾಲಿನ ಡೈರಿಗೆ ಹೋಗಿದ್ದಳು, ಅಜ್ಜಿ ಹೊರಗೆ ಜಗಲಿಯ ಮೇಲೆ ಕೂತಿದ್ದಳು. ದೇವರ ಗೂಡಿನಲ್ಲಿ ಪೊಟ್ಟಣ ಕಾಣುತ್ತಿತ್ತು.

ಒಂದೇ ಒಂದು ಸಲ ನೋಡಿಬಿಡೋಣ ಎಂದುಕೊಂಡಳು. ಸೈನ್ಸ್ ಪ್ರಾಜೆಕ್ಟಿಗೆ ತಂದಿದ್ದ ಲೆನ್ಸ್ ಬ್ಯಾಗಿನಲ್ಲೇ ಇತ್ತು. ಪೊಟ್ಟಣದ ಮೇಲೆ ಪೆನ್ಸಿಲಿನಲ್ಲಿ ತೂಕ ಬರೆದು, ಮುಂದೆ ಇಂಗ್ಲಿಷಿನಲ್ಲಿ ‘ಜಿ’ ಎಂದೂ ‘ಎಸ್‌ಐ’ ಎಂದೂ ಬರೆದಿತ್ತು. ಎಸ್‌ಐ ಅಂದರೆ ಪೊಲೀಸ್ ಅಲ್ಲವೇ? ವಜ್ರಕ್ಕೂ ಪೊಲೀಸರಿಗೂ ಏನು ಕೆಲಸ?

ಕಿಟಕಿಯ ಬೆಳಕಿಗೆ ಹಿಡಿದಾಗ ಕಲ್ಲು ಥಳಥಳ ಹೊಳೆಯಿತು. ಆಮೇಲೆ ಅವಳಿಗೆ ಅದು ಕಾಣಿಸಿತು. ಕಲ್ಲಿನ ಒಳಗೆ, ಒಂದು ಬದಿಗೆ, ಚಿಕ್ಕ ಕಪ್ಪು ಚುಕ್ಕೆ!

ಲಂಗದಿಂದ ಒರೆಸಿದರೂ ಅದು ಹೋಗಲಿಲ್ಲ. ಚಂದನ ಪೊಟ್ಟಣ ಮಡಿಸಿ ಗೂಡಿನಲ್ಲಿಟ್ಟಳು. ಹೇಳಿದರೆ ಅಮ್ಮನ ಮೂಗಿಗೆ ಮತ್ತೆ ಆ ಮಂಕು ಗಾಜೇ ಗತಿ. ಹೇಳದಿದ್ದರೆ? ಬರೀ ಮಂಡಿ ತರಚಿ ಮುಗಿದಿದ್ದರೆ ಚಿಂತೆಯಿರಲಿಲ್ಲ. ಮುಂದೆ ಅಮ್ಮನಿಗೋ ಅಪ್ಪನಿಗೋ ಏನಾದರೂ ಆದರೆ? ಆ ರಾತ್ರಿ ಅವಳು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಮಂಗಳವಾರ ಸಂಜೆ ಅಪ್ಪ ಕಾಂತರಾಜ್ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಅವನು ದಿನಾ ಬೆಂಗಳೂರಿನ ಕೆಲಸ ಮುಗಿಸಿ ಮಾರಿಕುಪ್ಪಂ ರೈಲಿನಲ್ಲಿ ಬರುವವನು. ಫೋನ್ ಮಾಡಿದರೆ ಸ್ವಿಚ್ಡ್ ಆಫ್.

“ಚಾರ್ಜ್ ಇರಲ್ಲ ಬಿಡು,” ಎಂದಳು ಅಮ್ಮ. ಆದರೂ ಬಾಗಿಲಿಗೂ ಒಲೆಗೂ ನಾಲ್ಕು ಸಲ ಓಡಾಡಿದಳು.

ಚಂದನ ದೇವರ ಗೂಡಿನ ಕಡೆ ನೋಡಲೂ ಹೆದರಿದಳು. ಎಲ್ಲಾ ನನ್ನಿಂದಲೇ, ಚುಕ್ಕೆ ನೋಡಿಯೂ ಬಾಯಿ ಮುಚ್ಚಿಕೊಂಡಿದ್ದಕ್ಕೇ ಎಂದುಕೊಂಡಳು. ಮುಕ್ಕಾಲು ಗಂಟೆಯ ಮೇಲೆ ಅಪ್ಪನ ಚಪ್ಪಲಿಯ ಸದ್ದು ಕೇಳಿಸಿತು. ಓಡಿಹೋಗಿ ಅವನ ಸೊಂಟ ತಬ್ಬಿಕೊಂಡಳು.

“ಏನ್ ಪುಟ್ಟಿ? ಸಿಗ್ನಲ್ ಸಿಗ್ದೆ ಗಾಡಿ ನಿಂತೋಗಿತ್ತು ಅಷ್ಟೆ,” ಎಂದ ಅಪ್ಪ.

ಬುಧವಾರ ಶಾಲೆ ಬಿಟ್ಟ ಮೇಲೆ ಅಮ್ಮ, ಅಜ್ಜಿ, ಚಂದನ ಮತ್ತೆ ಬಂಗಾರಪೇಟೆಗೆ ಹೋದರು.

“ಏನಕ್ಕ, ಆಗಿಬಂತಾ?” ಎಂದು ಕೇಳಿದರು ಅಶ್ವತ್ಥಪ್ಪ.

“ಬಂತು, ಬಂತು,” ಎಂದಳು ಅಜ್ಜಿ, ತುಂಬಾ ಅವಸರದಿಂದ. “ಮೂರು ದಿನ ಒಂದು ಸೀನೂ ಬರ್ಲಿಲ್ಲ ಯಾರಿಗೂ. ಮೂಗುಬಟ್ಟಿಗೆ ಕೂರಿಸ್ಬಿಡು.”

ಅಮ್ಮನ ಮುಖ ಅರಳಿತು. ಅದನ್ನು ನೋಡಿ ಚಂದನಳಿಗೆ ತಡೆಯಲಾಗಲಿಲ್ಲ.

“ಬೇಡ!” ಎಂದು ಕೂಗಿದಳು. “ನಾನು ಸೋಮವಾರ ಸ್ಕೂಲಲ್ಲಿ ಬಿದ್ದೆ. ಅದ್ರೊಳಗೆ ಕಪ್ಪು ಚುಕ್ಕೆ ಐತೆ, ಲೆನ್ಸಲ್ಲಿ ನೋಡ್ದೆ. ಅದಕ್ಕೇ ಅಪ್ಪನ ಟ್ರೇನೂ ನಿಂತೋಯ್ತು. ನಿಂಗೇನಾದ್ರೂ ಆಗ್ಬಿಡತ್ತೆ ಅಮ್ಮಾ, ಬೇಡ!” ಮುಂದೆ ಮಾತು ಬರದೆ ಅಳತೊಡಗಿದಳು.

ಅಮ್ಮ ಅವಳನ್ನು ಹತ್ತಿರ ಎಳೆದುಕೊಂಡು ಲಂಗ ಸರಿಸಿ ನೋಡಿದಳು. “ಅಯ್ಯೋ, ಇದನ್ನಿಟ್ಕೊಂಡು ಇಷ್ಟು ದಿನ ಓಡಾಡ್ತಿದ್ದಾ?”

ಅಶ್ವತ್ಥಪ್ಪ ಕನ್ನಡಕ ಮೇಲೇರಿಸಿ ಚಂದನಳನ್ನೇ ನೋಡಿದರು.

“ಆ ಚುಕ್ಕೆ ನಿಂಗೆ ಕಾಣ್ತಾ? ಒಳ್ಳೇ ಚುರುಕು ಕಣ್ಣು ಕಣಮ್ಮ ನಿಂದು. ಬಾ ಇಲ್ಲಿ.”

ಅವರು ಕಣ್ಣಿಗೆ ಹಿಡಿಯುವ ಪುಟ್ಟ ಗಾಜೊಂದನ್ನು ಕೊಟ್ಟರು. ಅದು ಎಲ್ಲವನ್ನೂ ಹತ್ತು ಪಟ್ಟು ದೊಡ್ಡದಾಗಿ ತೋರಿಸುತ್ತಿತ್ತು. ಬಿಳಿ ಕಾಗದದ ಮೇಲೆ ಆ ಕಲ್ಲನ್ನು ತಲೆಕೆಳಗಾಗಿಟ್ಟು, ಪಕ್ಕದಲ್ಲಿ ಇನ್ನೊಂದು ಕಲ್ಲಿಟ್ಟರು.

“ಯಾವುದು ಬಿಳಿ?”

ಚಂದನ ಮೂಗು ಒರೆಸಿಕೊಂಡು ನೋಡಿದಳು. “ನಮ್ದೇ. ಇನ್ನೊಂದು ಸ್ವಲ್ಪ ಹಳದಿ.”

“ಬಣ್ಣ ಕಮ್ಮಿ ಇದ್ದಷ್ಟೂ ಒಳ್ಳೇದು. ‘ಜಿ’ ಅಂದ್ರೆ ಬಣ್ಣ ಇಲ್ಲ ಅನ್ನೋಷ್ಟು ಕಮ್ಮಿ ಅಂತ. ಈಗ ನೆಟ್ಟಗಿಟ್ಟು ನೋಡು. ಒಳಗೋದ ಬೆಳಕು ವಾಪಸ್ ಮೇಲಕ್ಕೇ ಬತ್ತಾ ಐತಾ? ಹಂಗಾದ್ರೆ ಕಲ್ಲು ಚೆನ್ನಾಗಿ ಕಟ್ ಮಾಡವ್ರೆ ಅಂತ. ಈಗ ಚುಕ್ಕೆ ಹುಡುಕು.”

“ಸಿಕ್ತು!”

“ಹಾಂ. ಅದೇ ಎಸ್‌ಐ. ಒಳಗೆ ಸಣ್ಣದೊಂದು ಚುಕ್ಕೆ ಐತೆ ಅಂತ ಪೊಟ್ಟಣದ ಮೇಲೇ ಬರ್ದು ಕೊಟ್ಟಿದ್ದೆ.”

“ಪೊಲೀಸ್ ಅಲ್ವಾ?”

ಅಶ್ವತ್ಥಪ್ಪ ಹೊಟ್ಟೆ ಕುಣಿಸಿ ನಕ್ಕರು. “ಅಲ್ಲಮ್ಮ. ಭೂಮಿಯೊಳಗೆ ಕಲ್ಲು ಹುಟ್ಟೋವಾಗ್ಲೇ ಅದೂ ಸೇರ್ಕೊಂಡೈತೆ. ಚುಕ್ಕೆ ಇಲ್ದಿರೋ ಕಲ್ಲು ಸಿಗೋದು ಬಾಳಾ ಅಪರೂಪ. ಅಕ್ಕ, ನೀನೂ ನೋಡು.”

ಅಜ್ಜಿ ಬಲಗೈಯಲ್ಲಿ ಗಾಜು ಹಿಡಿದಳು. ಇನ್ನೊಂದು ಕೈಗೆ ಅಶ್ವತ್ಥಪ್ಪ ಕಲ್ಲು ಹಿಡಿದ ಚಿಮಟ ಕೊಡಲು ಹೋದರು. ಅಜ್ಜಿಯ ಎಡಗೈ ಸೆರಗಿನೊಳಗಿಂದ ಹೊರಗೇ ಬರಲಿಲ್ಲ.

“ಹಿಡ್ಕೋ ಅಕ್ಕ.”

ಅಜ್ಜಿ ಮೆಲ್ಲಗೆ ಕೈ ಚಾಚಿದಳು. ಬೆರಳು ಮಡಿಸಲಾಗದೆ ಚಿಮಟ ಕಲ್ಲಿನ ಸಮೇತ ಟಣ್ ಎಂದು ಮೇಜಿನ ಮೇಲೆ ಬಿತ್ತು. ಅವಳ ಮಣಿಕಟ್ಟು ಬನ್ನಿನ ಹಾಗೆ ಊದಿಕೊಂಡು ನೀಲಿಗಟ್ಟಿತ್ತು.

“ಅತ್ತೆ! ಇದೇನಿದು?” ಅಮ್ಮ ಗಾಬರಿಯಾದಳು.

“ಏನಿಲ್ಲ. ಬಚ್ಚಲಾಗೆ ಜಾರ್ದೆ. ಭಾನುವಾರ ಸಂಜೆ.”

ಕಲ್ಲು ಮನೆಗೆ ಬಂದ ಸಂಜೆಯೇ! ಚಂದನ ಕಣ್ಣರಳಿಸಿ ಅಜ್ಜಿಯನ್ನು ನೋಡಿದಳು.

“ಒಂದು ಮಾತು ಹೇಳ್ಬಾರ್ದಾ ಅತ್ತೆ?”

“ಏಳಿದ್ರೆ ಕಲ್ಲು ವಾಪಸ್ ಕೊಡ್ಬೇಕಿತ್ತಲ್ಲ,” ಎಂದಳು ಅಜ್ಜಿ ಮುಖ ಬೇರೆ ಕಡೆ ತಿರುಗಿಸಿ. “ಕಲ್ಲೇನು ಮಾಡ್ತದೆ ಬಿಡು. ಬಚ್ಚಲಾಗೆ ಪಾಚಿ ಕಟ್ಟಿತ್ತು.”

ಅಮ್ಮ ಗಾಜು ತೆಗೆದುಕೊಂಡು ತಾನೇ ಕಲ್ಲನ್ನು ನೋಡಿದಳು. ಹೊರಳಿಸಿ ಹೊರಳಿಸಿ ನೋಡಿದಳು.

“ಚುಕ್ಕೆ ಕಾಣ್ತು,” ಎಂದಳು. “ಇದೇ ಇರ್ಲಿ ಅಣ್ಣಾ. ಶನಿವಾರ ಬಂದು ತಗೊಂತೀನಿ. ಈಗ ಮೊದ್ಲು ಡಾಕ್ಟರ್ ಹತ್ರ ಓಗ್ಬೇಕು.”

ಡಾಕ್ಟರು ಅಜ್ಜಿಯ ಕೈಗೆ ಪಟ್ಟಿ ಸುತ್ತಿದರು, ಚಂದನಳ ಮಂಡಿಗೆ ಮುಲಾಮು ಹಚ್ಚಿದರು. ಊರಿಗಾಂಗೆ ಹೋಗುವ ರೈಲಿನಲ್ಲಿ ಕೆಲಸ ಮುಗಿಸಿ ಬರುವವರ ನೂಕುನುಗ್ಗಲು. ಹೇಗೋ ಅಜ್ಜಿಗೊಂದು ಸೀಟು ಸಿಕ್ಕಿತು.

ಆಗ ಚಂದನಳಿಗೆ ನೆನಪಾಯಿತು. ದಿನಾ ಜಡೆ ಹಾಕುವ ಅಜ್ಜಿ ಸೋಮವಾರ ಬೆಳಿಗ್ಗೆ ಹಾಕಿರಲಿಲ್ಲ. “ಓಗೇ, ನಿಮ್ಮಮ್ಮನ ಹತ್ರ ಆಕಿಸ್ಕೋ,” ಎಂದು ಗದರಿದ್ದಳು. ಮಂಗಳವಾರವೂ ಹಾಗೇ ಗದರಿದ್ದಳು. ಚಂದನ ಮುಖ ಊದಿಸಿಕೊಂಡು ಶಾಲೆಗೆ ಹೋಗಿದ್ದಳು. ಜಡೆ ಹೆಣೆಯಲು ಎರಡು ಕೈ ಬೇಕು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

“ಅಜ್ಜಿ, ಜಡೆ ಹಾಕ್ದೆ ಇದ್ದಿದ್ದು ಅದಕ್ಕೇನಾ?”

“ಸುಮ್ನೆ ನಿಂತ್ಕೊಳೇ,” ಎಂದಳು ಅಜ್ಜಿ, ಕಿಟಕಿಯ ಹೊರಗೆ ನೋಡುತ್ತಾ.

ಮುಂದಿನ ಸ್ಟೇಷನ್ನಿನಲ್ಲಿ ಇನ್ನಷ್ಟು ಜನ ಹತ್ತಿದರು. ಚಂದನ ಜನರ ನಡುವೆ ತೂರಿಕೊಂಡು ಅಜ್ಜಿಯ ಎಡಗಡೆಗೆ ಬಂದಳು. ಆ ಕೈಗೆ ಯಾರ ಬ್ಯಾಗೂ ತಗುಲದ ಹಾಗೆ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದು ಅಡ್ಡ ನಿಂತಳು.