ಪಿಚರ್ ದಿಬ್ಬದ ರಬ್ಬರ್ ಹಲಗೆ

1981ರ ನವೆಂಬರ್ ಒಂಬತ್ತು, ಸೋಮವಾರ. ಬೆಳಿಗ್ಗೆ ಏಳೂಕಾಲಿಗೆ ಒಹಾಯೋದ ಹಾರ್ಲನ್‌ಬರ್ಗ್ ನಗರದ ದಕ್ಷಿಣ ಠಾಣೆಗೆ ಫೋನ್ ಬಂತು. ಮಾತಾಡಿದವನು ಕಟ್ಟಡ ಕೆಡವುವ ಕಂಪನಿಯ ಮೇಸ್ತ್ರಿ ಡ್ವೇನ್ ಶಿಪ್ಲಿ. ಉಕ್ಕಿನ ಕಾರ್ಖಾನೆಯ ಹಳೆಯ ಬೇಸ್‌ಬಾಲ್ ಮೈದಾನದಲ್ಲಿ ತಮ್ಮ ಕಾವಲುಗಾರ ಲಿಯೋ ಹುಡಾಕ್ ಸತ್ತು ಬಿದ್ದಿದ್ದಾನೆ ಎಂದು ತಿಳಿಸಿದ. ಠಾಣೆಯಲ್ಲಿ ದೂರು ದಾಖಲಾಯಿತು. ಡಿಟೆಕ್ಟಿವ್ ಕ್ಲಾರೆನ್ಸ್ ಬೆನ್ಯಾಕ್, ಪೇದೆ ಓಡೆಸ್ಸಾ ಪ್ರೂಯಿಟ್ ಇಬ್ಬರೂ ಜೀಪಿನಲ್ಲಿ ಹೊರಟರು.

ಕಾರ್ಖಾನೆ ಮುಚ್ಚಿ ನಾಲ್ಕು ವರ್ಷವಾಗಿತ್ತು. ಕುಲುಮೆಗಳನ್ನು ಒಂದೊಂದಾಗಿ ಒಡೆದು ಗುಜರಿಗೆ ಸಾಗಿಸಿದ ಕಂಪನಿಯೇ ಈಗ ಮೈದಾನಕ್ಕೂ ಕೈ ಹಾಕಿತ್ತು. ಬುಧವಾರ ಬುಲ್ಡೋಜರ್ ಬರುವುದಿತ್ತು.

ಹುಡಾಕ್ ಆಟಗಾರರು ಕೂರುವ ತಗ್ಗಿನ ಚಾವಡಿ, ಡಗೌಟಿನ ಸಿಮೆಂಟ್ ಮೆಟ್ಟಿಲ ಮೇಲೆ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಜೇಬಿನಲ್ಲಿ ಪರ್ಸು, ಬೀಗದ ಗೊಂಚಲು ಹಾಗೆಯೇ ಇದ್ದವು. ಹೆಣದ ಪಕ್ಕ ನಿಂತು ಶಿಪ್ಲಿ ಪ್ರೇಕ್ಷಕರ ಕಟ್ಟೆಯ ಕೆಳಗೆ ಬೆರಳು ತೋರಿಸಿದ. ದೀಪದ ಕಂಬಗಳಿಂದ ಬಿಚ್ಚಿದ ತಾಮ್ರದ ತಂತಿ ಅಲ್ಲಿ ಸುರುಳಿ ಸುರುಳಿಯಾಗಿ ಬಿದ್ದಿತ್ತು.

“ತಾಮ್ರ ಮುಟ್ಟಿಲ್ಲ ಸಾರ್. ಪಿಚರ್ ನಿಂತು ಎಸೀತಾನಲ್ಲ, ಆ ದಿಬ್ಬದ ರಬ್ಬರ್ ಹಲಗೆ ಅಗೆದುಕೊಂಡು ಹೋಗಿದಾನೆ. ಇವನೆಂಥ ಕಳ್ಳ?” ಎಂದ.

ಮೈದಾನದ ನಡುವಿನ ಮಣ್ಣಿನ ದಿಬ್ಬದಲ್ಲಿ ಎರಡು ಅಡಿ ಉದ್ದದ ಗುಂಡಿಯಿತ್ತು. ಭಾನುವಾರ ಮಧ್ಯಾಹ್ನ ಬಿದ್ದ ಮಳೆಯಿಂದ ನೆಲ ಮೆತ್ತಗಾಗಿ, ದಿಬ್ಬದಿಂದ ಡಗೌಟಿನವರೆಗೆ ಬೂಟಿನ ಗುರುತು ಚೆನ್ನಾಗಿ ಮೂಡಿತ್ತು. ಉಕ್ಕಿನ ಮೂತಿಯ ಕಾರ್ಖಾನೆ ಬೂಟು. ಅರ್ಧ ಊರಿನ ಕಾಲಲ್ಲಿ ಇರುವಂಥದ್ದು. ಪ್ರೂಯಿಟ್ ಟೇಪು ಹಿಡಿದು ಅಳೆಯುತ್ತಾ ಹೋದಳು. ನಡುವೆ ಒಂದು ಕಡೆ ನಿಂತಳು.

“ಸಾರ್, ಎಲ್ಲಾ ಹೆಜ್ಜೆ ಒಂದೇ ಸಮ ಇದೆ. ಇಲ್ಲಿ ಮಾತ್ರ ಏನೋ ದಾಟಿದ ಹಾಗೆ ಉದ್ದಕ್ಕೆ ಕಾಲು ಹಾಕಿದಾನೆ. ಇಲ್ಲಿ ನೋಡಿದ್ರೆ ಕಲ್ಲೂ ಇಲ್ಲ, ಗುಂಡೀನೂ ಇಲ್ಲ.”

ಬೆನ್ಯಾಕ್ ಬ್ಯಾಟು ಬೀಸುವವನು ನಿಲ್ಲುವ ಹೋಮ್ ಪ್ಲೇಟಿನ ಮೂಲೆಯಿಂದ ಒಂದನೇ ಬೇಸಿನ ಕಡೆಗೆ ಕಣ್ಣು ಹಾಯಿಸಿದ. ಆಟ ನಡೆಯುತ್ತಿದ್ದ ಕಾಲದಲ್ಲಿ ಆ ಜಾಗದಲ್ಲೇ ಸುಣ್ಣದ ಗೆರೆ ಇರುತ್ತಿತ್ತು. ಒಳಗೆ ಬರುವಾಗ, ಹೊರಗೆ ಹೋಗುವಾಗ ಆಟಗಾರರು ಗೆರೆಯನ್ನು ತುಳಿಯುವುದಿಲ್ಲ. ತುಳಿದರೆ ಪಂದ್ಯ ಕೈ ತಪ್ಪುತ್ತದೆಂಬ ನಂಬಿಕೆ. ಸುಣ್ಣ ಬಳಿದು ನಾಲ್ಕು ವರ್ಷವಾಗಿತ್ತು. ಗೆರೆ ಅಳಿಸಿಹೋಗಿದ್ದರೂ ಈ ಬೂಟಿನವನಿಗೆ ಅದು ಅಲ್ಲೇ ಇತ್ತು.

“ಹೊರಗಿನ ಕಳ್ಳ ಅಲ್ಲ. ನಮ್ಮ ಕಾರ್ಖಾನೆ ತಂಡದಲ್ಲಿ ಆಡಿದವನು” ಎಂದ ಬೆನ್ಯಾಕ್.

ಪ್ರೂಯಿಟ್ ಟೇಪು ಸುತ್ತುತ್ತಾ, “ನಮ್ಮಪ್ಪ ಆಗಿರಲ್ಲ ಬಿಡಿ. ಇದೇ ಕಾರ್ಖಾನೇಲಿ ಇಪ್ಪತ್ತು ವರ್ಷ ಕಲ್ಲಿದ್ದಲು ಸುಡೋ ಕೋಕ್ ಒಲೆ ಮುಂದೆ ಬೆಂದ. ಕರಿಯರನ್ನ ಈ ಬೇಲಿ ದಾಟೋಕೆ ಬಿಡ್ತಿರಲಿಲ್ಲ, ಆಚೆಯಿಂದಾನೇ ನೋಡ್ತಿದ್ದ” ಎಂದಳು. ಬೆನ್ಯಾಕ್ ಸ್ಥಳ ಮಹಜರು ಬರೆದು ಶಿಪ್ಲಿಯ ಸಹಿ ಹಾಕಿಸಿಕೊಂಡ.

ಮರಣೋತ್ತರ ಪರೀಕ್ಷೆಯ ವರದಿ ಸಂಜೆ ಕೈಗೆ ಬಂತು. ಹುಡಾಕ್ ಬಿದ್ದದ್ದು ಭಾನುವಾರ ಹೊತ್ತು ಮುಳುಗುವ ವೇಳೆಗೆ. ಮೈಮೇಲೆ ಹೊಡೆತದ ಗುರುತಿಲ್ಲ. ಹಿಂದಕ್ಕೆ ಬಿದ್ದು ತಲೆ ಮೆಟ್ಟಿಲಿಗೆ ಬಡಿದಿದೆ; ಒಳಗೇ ರಕ್ತ ಸೋರಿ ಕೆಲವು ಗಂಟೆಗಳ ನಂತರ ಪ್ರಾಣ ಹೋಗಿದೆ. ಆಸ್ಪತ್ರೆಗೆ ಒಯ್ದಿದ್ದರೆ ಬದುಕುತ್ತಿದ್ದನೇನೋ. ಉಗುರುಗಳ ಸಂದಿಯಲ್ಲಿ ಬಿಳಿ ರಬ್ಬರಿನ ಪುಡಿ ಸಿಕ್ಕಿತ್ತು. ಅಂದರೆ ಹಲಗೆಯನ್ನು ಅವನೂ ಕಳ್ಳನೂ ಹಿಡಿದು ಎಳೆದಾಡಿದ್ದರು.

ಮಂಗಳವಾರ ಬೆಳಿಗ್ಗೆ ಬೆನ್ಯಾಕ್ ಕಾರ್ಖಾನೆ ಗೇಟಿನ ಎದುರಿನ ಸ್ಟೆಲ್ಲಾಳ ಬಾರಿಗೆ ಹೋದ. ಗೋಡೆಯ ಮೇಲೆ ಹಳೆಯ ತಂಡದ ಫೋಟೋ ಇತ್ತು. ಅದರಲ್ಲಿ ಯಾರ್ಯಾರು ಉಳಿದಿದ್ದಾರೆ ಎಂದು ಕೇಳಿದ. ಸ್ಟೆಲ್ಲಾ ಲೋಟ ಒರೆಸುತ್ತಲೇ ಲೆಕ್ಕ ಒಪ್ಪಿಸಿದಳು. ಹೆಚ್ಚಿನವರು ತೀರಿಕೊಂಡಿದ್ದರು. ಒಬ್ಬ ಫ್ಲೋರಿಡಾದಲ್ಲಿ ಮಗಳ ಮನೆ ಸೇರಿದ್ದ. ಊರಲ್ಲಿ ಉಳಿದಿದ್ದವರು ಮೂವರೇ. ಒಂದನೇ ಬೇಸಿನಲ್ಲಿ ಆಡುತ್ತಿದ್ದ ಲಿಯೋ ಹುಡಾಕ್, ಪಿಚರ್ ರೂಡಿ ಪಾವ್ಲಿಕ್, ಮತ್ತೆ ಅವನ ಎಸೆತ ಹಿಡಿಯುತ್ತಿದ್ದ ಕ್ಯಾಚರ್, ಅಂದರೆ ಅವನ ತಮ್ಮ ಎಮಿಲ್.

“ಲಿಯೋ ನೆನಪಿಗೆ ಅಂತ ನಿನ್ನೆ ಇಲ್ಲಿ ಯಾರಾದರೂ ಒಂದು ಲೋಟ ಎತ್ತಿ ಕುಡಿದ್ರಾ?”

“ಯಾರು ಎತ್ತುತ್ತಾರೆ? ಕಾರ್ಖಾನೆ ಕೆಡವೋರ ಸಂಬಳ ತಿಂದೋನು ಅವನು. ಆ ಕೆಲಸಕ್ಕೆ ಸೇರಿದಾಗಿಂದ ಇಲ್ಲಿ ಯಾರೂ ಅವನನ್ನ ಮಾತಾಡಿಸ್ತಿರಲಿಲ್ಲ. ಬಂದು ಕೂತ್ರೆ ಪಕ್ಕದ ಕುರ್ಚಿ ಖಾಲಿ ಆಗೋದು. ಆಮೇಲಾಮೇಲೆ ಬರೋದನ್ನೇ ಬಿಟ್ಟ.”

“ನೀನು ಮಾತಾಡಿಸ್ತಿದ್ದೆಯಾ?”

ಸ್ಟೆಲ್ಲಾ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. “ನಾನೂ ಇದೇ ಊರಲ್ಲಿ ಬಾಳಬೇಕಲ್ಲಪ್ಪಾ.”

ರೂಡಿಯ ವಿಚಾರವನ್ನೂ ಅವಳೇ ಹೇಳಿದಳು. ಎರಡು ವರ್ಷದಿಂದ ಅವನಿಗೆ ನೆನಪು ಕಳಚುತ್ತಿತ್ತು. ಈಗ ತಮ್ಮನ ಹೆಸರೂ ಬಾಯಿಗೆ ಬರುವುದಿಲ್ಲ. ಇಬ್ಬರಿಗೂ ಹೆಂಡತಿಯರಿಲ್ಲ. ಎಮಿಲ್ ಪ್ರತಿ ಶುಕ್ರವಾರ ಬಂದು ಇಬ್ಬರಿಗಾಗುವಷ್ಟು ಎಲೆಕೋಸು-ನೂಡಲ್ಸ್ ಕಟ್ಟಿಸಿಕೊಂಡು ಹೋಗುತ್ತಾನೆ.

ಪಾವ್ಲಿಕ್ ಮನೆಯ ಮುಂದೆ ಜೀಪು ನಿಂತಾಗ ಹತ್ತೂವರೆ. ಹಿತ್ತಲಿನಿಂದ ಸದ್ದು ಬರುತ್ತಿತ್ತು. ಚರ್ಮಕ್ಕೆ ಚೆಂಡು ಬಡಿಯುವ ಸದ್ದು, ಒಂದಷ್ಟು ಬಿಡುವು, ಮತ್ತೆ ಅದೇ ಸದ್ದು. ಬೆನ್ಯಾಕ್, ಪ್ರೂಯಿಟ್ ಇಬ್ಬರೂ ಮನೆಯ ಪಕ್ಕದಿಂದ ಹಿಂದಕ್ಕೆ ಹೋದರು.

ಓವರ್‌ಕೋಟು ತೊಟ್ಟ ಎತ್ತರದ ಮುದುಕ ಬಿಳಿ ರಬ್ಬರ್ ಹಲಗೆಯ ಮೇಲೆ ಬಲಗಾಲು ಊರಿ ನಿಂತಿದ್ದ. ಎದುರಿಗೆ, ಬೇಲಿಯ ಹತ್ತಿರ, ಅರವತ್ತು ದಾಟಿದ ಎಮಿಲ್ ಕ್ಯಾಚರನ ಗವಸು ತೊಟ್ಟು ಕುಕ್ಕರುಗಾಲಲ್ಲಿ ಕೂತಿದ್ದ. ಪೊಲೀಸರನ್ನು ಕಂಡರೂ ಏಳಲಿಲ್ಲ. ಬೆನ್ಯಾಕನ ತಂದೆ ಅವನ ಜೊತೆಯಲ್ಲೇ ಕುಲುಮೆಯಲ್ಲಿ ಕೆಲಸ ಮಾಡಿದವನು.

“ಬಂದೆಯೇನಪ್ಪಾ ಕ್ಲಾರೆನ್ಸ್. ಇನ್ನೊಂದು ನಾಲ್ಕು ಎಸೀಲಿ. ಮಧ್ಯದಲ್ಲಿ ನಿಲ್ಲಿಸಿದ್ರೆ ದಿನವಿಡೀ ಅಳ್ತಾನೆ.”

ಅವರು ಕಾದರು. ರೂಡಿ ಎಸೆದದ್ದು ನಾಲ್ಕಕ್ಕಿಂತ ಹೆಚ್ಚೇ ಆಯಿತು. ಕೊನೆಗೆ ತಾನಾಗಿಯೇ ಟೋಪಿ ಸರಿಮಾಡಿಕೊಂಡು ಬಂದು ಹಿತ್ತಲಿನ ಮೆಟ್ಟಿಲ ಮೇಲೆ ಕೂತ. ಪ್ರೂಯಿಟ್ ಅವನ ಪಕ್ಕದಲ್ಲಿ ಕೂತಳು. ಎಮಿಲ್ ಮಂಡಿ ಹಿಡಿದುಕೊಂಡು ಎದ್ದು ಬೆನ್ಯಾಕನನ್ನು ಅಡುಗೆಮನೆಗೆ ಕರೆದ. ಮೌನವಾಗಿರುವ, ವಕೀಲರನ್ನು ಕರೆಸುವ ಹಕ್ಕು ಅವನಿಗಿದೆ ಎಂದು ಬೆನ್ಯಾಕ್ ನಿಯಮದಂತೆ ಓದಿ ಹೇಳಿದ. ಎಮಿಲ್ ತಲೆಯಾಡಿಸಿ, ತಾನಾಗಿಯೇ ಹೇಳತೊಡಗಿದ.

ಚಳಿ ಶುರುವಾದಾಗಿನಿಂದ ರೂಡಿ ಊಟ ಬಿಟ್ಟಿದ್ದ. ಬೆಳಗಾದರೆ ಹಿತ್ತಲಿಗೆ ಹೋಗಿ ಬೂಟಿನಿಂದ ನೆಲ ಕೆರೆಯುತ್ತಾ ಏನನ್ನೋ ಹುಡುಕುತ್ತಿದ್ದ. ಎಮಿಲ್ ಮರದ ಹಲಗೆ ಹೂತುಕೊಟ್ಟ. ರೂಡಿ ಕಾಲಿನಿಂದಲೇ ಕಿತ್ತು ಎಸೆದ. ಟೈರು ಕೊಯ್ದು ಹೂತ, ಅದೂ ಆಗಲಿಲ್ಲ. ನಿಜವಾದ ಹಲಗೆ ತಂದು ಹೂತ ದಿನ ಅದರ ಮೇಲೆ ಕಾಲಿಟ್ಟವನೇ ಸುಮ್ಮನೆ ನಿಂತ. ಆಮೇಲೆ ಚೆಂಡಿಗೆ ಕೈ ಚಾಚಿದ. ಆ ಮಧ್ಯಾಹ್ನ ಎರಡು ತಟ್ಟೆ ಊಟ ಮಾಡಿದ.

“ಹಲಗೆ ಹೊತ್ತು ಬರುವಾಗ ಲಿಯೋ ಎದುರಾದನಾ?”

“ಡಗೌಟಿನ ಹತ್ತಿರ. ಅದನ್ನ ಇಳಿಸು ಅಂದ.”

“ನೀವೇನಂದ್ರಿ?”

“ಏನೂ ಅನ್ನಲಿಲ್ಲ.”

“ರೂಡಿಗೆ ಅಂತ ಹೇಳಬಹುದಿತ್ತು.”

“ಅವನ ಜೊತೆ ಮಾತು ಬಿಟ್ಟು ನಾಲ್ಕು ವರ್ಷ ಆಗಿತ್ತು ಕ್ಲಾರೆನ್ಸ್. ಕಾರ್ಖಾನೆ ಒಡೆಯೋಕೆ ಹೋದೋನ ಜೊತೆ ಮಾತಾಡಬಾರ್ದು ಅಂತ ನಿಮ್ಮಪ್ಪನೂ ಸೇರಿ ಎಲ್ಲರೂ ಆಡಿದ ಮಾತು. ಅವನು ಹಲಗೆ ಹಿಡ್ಕೊಂಡ. ಬಾಯಿ ಬಿಡೋ, ಯಾಕೆ ಬೇಕು ಹೇಳೋ ಅಂದ. ನಾನು ಬಾಯಿ ಬಿಡದೆ ಎಳೆದೆ. ಹಲಗೆ ಮಣ್ಣಾಗಿತ್ತು, ಅವನ ಕೈ ಜಾರಿತು. ಹಿಂದಕ್ಕೆ ಮೆಟ್ಟಿಲ ಕೆಳಗೆ ಬಿದ್ದ.”

“ತಿರುಗಿ ನೋಡಲಿಲ್ವಾ?”

“ಕೆಳಗಿಂದ ಬೈತಿದ್ದ. ನಮ್ಮಮ್ಮನ್ನೂ ಸೇರಿಸಿ ಬೈದ. ಬೈಯೋಕೆ ಆಗುತ್ತಲ್ಲ, ಚೆನ್ನಾಗೇ ಇದಾನೆ ಅಂದ್ಕೊಂಡೆ.” ಎಮಿಲ್ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಒರೆಸಿದ. “ಸತ್ತ ಅಂತ ನಿನ್ನೆ ರೇಡಿಯೋದಲ್ಲಿ ಕೇಳಿದೆ. ಠಾಣೆಗೆ ಬರಬೇಕಾಗಿತ್ತು. ಬಂದ್ರೆ ಇವನನ್ನ ಯಾರು ನೋಡ್ತಾರೆ?”

ಬೆನ್ಯಾಕ್ ಹೇಳಿಕೆ ಬರೆದುಕೊಂಡ. ಕಳವು, ಉದ್ದೇಶವಿಲ್ಲದ ನರಹತ್ಯೆ ಎಂಬ ಎರಡು ಆರೋಪಗಳ ಮೇಲೆ ಹನ್ನೊಂದೂವರೆಗೆ ಎಮಿಲ್ ಪಾವ್ಲಿಕ್‌ನನ್ನು ಬಂಧಿಸಿದ. ಹಲಗೆಯನ್ನು ಅಣ್ಣನ ಕಣ್ಣೆದುರು ಕೀಳಬೇಡಿ ಎಂಬುದೊಂದನ್ನೇ ಎಮಿಲ್ ಕೇಳಿಕೊಂಡ. ರೂಡಿ ಉಂಡು ಮಲಗುವವರೆಗೆ ಪ್ರೂಯಿಟ್ ಅಲ್ಲೇ ಉಳಿದಳು. ಆಮೇಲೆ ಪಕ್ಕದ ಮನೆಯ ಇಬ್ಬರನ್ನು ಸಾಕ್ಷಿಗೆ ಕರೆದು, ಸನಿಕೆಯಲ್ಲಿ ಹಲಗೆ ಅಗೆಸಿ, ಜಪ್ತಿ ಪಂಚನಾಮೆ ಬರೆದಳು. ಸಂಜೆ ಜಿಲ್ಲೆಯ ವೃದ್ಧಾಶ್ರಮದ ವ್ಯಾನು ಬಂದು ರೂಡಿಯನ್ನು ಕರೆದುಕೊಂಡು ಹೋಯಿತು.

ವರದಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ಬೆನ್ಯಾಕ್ ‘ಅಣ್ಣನ ಕಾಯಿಲೆ’ ಎಂದು ಬರೆದ. ಅದು ನಿಜವೇ ಆಗಿತ್ತು. ಆದರೂ ಅಷ್ಟೇ ಅಲ್ಲ ಎಂದು ಅವನಿಗೆ ಅನ್ನಿಸುತ್ತಿತ್ತು.

ಬುಧವಾರ ಅವನು ಲಿಯೋನ ಹೆಂಡತಿ ಐರಿನ್‌ಳ ಮನೆಗೆ ಹೋಗಿ ನಡೆದದ್ದನ್ನೆಲ್ಲ ತಿಳಿಸಿದ. ಅವಳು ಅಳಲಿಲ್ಲ. ಮೈದಾನ ಒಡೆಯುತ್ತಾರೆಂದು ಗೊತ್ತಾದಾಗ ಲಿಯೋ ತಾನೇ ಕೇಳಿಕೊಂಡು ಆ ಕಾವಲು ಹಾಕಿಸಿಕೊಂಡಿದ್ದನೆಂದೂ, ನಾಳೆ ಪಂದ್ಯವಿದೆಯೇನೋ ಎಂಬಂತೆ ದಿನಾ ಡಗೌಟು ಗುಡಿಸುತ್ತಿದ್ದನೆಂದೂ ಹೇಳಿದಳು.

“ಹಳಬರು ಯಾರಾದ್ರೂ ಕೊನೇ ಸಲ ನೋಡೋಕೆ ಬರ್ತಾರೆ ಅಂತ ಎರಡು ತಿಂಗಳು ಕಾದ್ರು. ಒಬ್ಬರೂ ಬರಲಿಲ್ಲ. ರೂಡಿಗೆ ಬೇಕು ಅಂತ ಎಮಿಲ್ ಒಂದು ಮಾತು ಅಂದಿದ್ರೆ, ಇವರೇ ಅಗೆದು, ಹೆಗಲ ಮೇಲೆ ಹೊತ್ಕೊಂಡು ಹೋಗಿ ಕೊಟ್ಟು ಬರ್ತಿದ್ರು.”

ಅವಳು ಕಾಫಿ ಬಟ್ಟಲನ್ನು ಅವನ ಕಡೆ ಸರಿಸಿದಳು.

“ನಿಜ ಹೇಳಲಾ? ಮಬ್ಬುಗತ್ತಲಲ್ಲಿ ಎಮಿಲ್ ಬರೋದನ್ನ ಕಂಡಾಗ ಇವರಿಗೆ ಮೊದಲು ಖುಷೀನೇ ಆಗಿರುತ್ತೆ.”